ತಳದಲ್ಲಿ ತೂತಿದ್ದ ಕುಟ್ಟಾಣಿ

ಅನುಮಾನದ ಸ್ವಭಾವದವರು ನೆದರ್‌ಲ್ಯಾಂಡ್ಸಿನಲ್ಲಿ ಮನೆ ಮಾಡಬಾರದು. ಇಲ್ಲಿ ಅನುಮಾನಪಡುವುದಕ್ಕೆ ಏನೂ ಸಿಗುವುದಿಲ್ಲ. ಜನ ಬೀದಿಯ ಕಡೆಗೆ ಗೋಡೆಯಗಲದ ಗಾಜಿನ ಕಿಟಕಿ ಇಟ್ಟುಕೊಂಡು, ಪರದೆಯನ್ನೂ ಎಳೆಯದೆ, ದೀಪ ಹಾಕಿಕೊಂಡು ಒಳಗೆ ಆಲೂಗಡ್ಡೆ ತಿನ್ನುತ್ತಿರುತ್ತಾರೆ. ಯಾರು ಸೋಫಾ ಬದಲಾಯಿಸಿದರು, ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾರ ಬೆಕ್ಕಿಗೆ ಮೈ ಸರಿಯಿಲ್ಲ, ಎಲ್ಲವೂ ಬಸ್ ಸ್ಟಾಪಿಗೆ ನಡೆದು ಹೋಗುವಷ್ಟರಲ್ಲಿ ತಿಳಿದುಬಿಡುತ್ತದೆ. ಮೈಸೂರಿನ ನಮ್ಮ ಬೀದಿಯಲ್ಲಿ ಹಾಗಿರಲಿಲ್ಲ. ಎದುರುಮನೆಯಲ್ಲಿ ಇವತ್ತು ಯಾವ ಹುಳಿ ಎಂಬುದನ್ನು ಒಗ್ಗರಣೆಯ ವಾಸನೆಯಿಂದ ಊಹಿಸಬೇಕಿತ್ತು; ಅವರ ಮಗಳಿಗೆ ಗಂಡು ಗೊತ್ತಾಯಿತೋ ಇಲ್ಲವೋ ಎಂಬುದನ್ನು ಬಾಗಿಲ ಮುಂದಿನ ರಂಗೋಲಿಯ ಗಾತ್ರ ನೋಡಿ ಅಂದಾಜು ಮಾಡಬೇಕಿತ್ತು. ಆ ಊಹೆಗಳಲ್ಲಿ ಬೆಳೆದವನು ನಾನು. ವಿಮಾನ ನಿಲ್ದಾಣದ ಪಕ್ಕದ ಬಾಡ್‌ಹೂವೆಡಾರ್ಪ್ ಎಂಬ ಈ ಊರಿಗೆ ಬಂದ ಮೇಲೆ ನನ್ನ ಅನುಮಾನ ಮೇವಿಲ್ಲದೆ ಸೊರಗುತ್ತಿತ್ತು. ಅದಕ್ಕೇ ಇರಬೇಕು, ಅವಕಾಶ ಸಿಕ್ಕ ಕೂಡಲೇ ಅದು ನನ್ನ ಹೆಂಡತಿಯ ಮೇಲೆಯೇ ತಿರುಗಿತು.

ಹೆಂಡತಿಯ ಹೆಸರು ವಸುಧಾ. ಅವಳ ಮೇಲೆ ಅನುಮಾನಪಡಲು ಅವಳು ಎಂದೂ ಕಾರಣ ಕೊಟ್ಟವಳಲ್ಲ, ಮತ್ತು ನನ್ನ ಮಟ್ಟಿಗೆ ಅದೇ ದೊಡ್ಡ ಕಾರಣ. ಹೆಣ್ಣು ನೋಡಲು ಹೋದ ದಿನ ಉಪ್ಪಿಟ್ಟು ಬಹಳ ಚೆನ್ನಾಗಿತ್ತು. ನೀವೇ ಮಾಡಿದ್ದಾ ಎಂದು ಕೇಳಿದೆ. ಇಲ್ಲ, ಮೂಲೆ ಹೋಟೆಲಿನಿಂದ ತರಿಸಿದ್ದು ಎಂದಳು. ಇಂಥ ವಿಷಯದಲ್ಲೂ ನಿಜ ಹೇಳುವ ಹುಡುಗಿ ಇನ್ನೇನನ್ನೋ ಬಚ್ಚಿಡುತ್ತಿರಬೇಕು ಎಂದು ನಾನು ದಾರಿಯುದ್ದಕ್ಕೂ ಅಮ್ಮನ ತಲೆ ತಿಂದಿದ್ದೆ. ಬಚ್ಚಿಟ್ಟಿದ್ದೇನೂ ಇರಲಿಲ್ಲ. ಅವಳು ಮೆಕ್ಯಾನಿಕಲ್ ಎಂಜಿನಿಯರ್. ಬೆಂಗಳೂರಿನ ಒಂದು ಯಂತ್ರಗಳ ಕಾರ್ಖಾನೆಯಲ್ಲಿ ಡಿಸೈನ್ ವಿಭಾಗದಲ್ಲಿದ್ದಳು. ನನಗೆ ವಿಮಾನ ನಿಲ್ದಾಣದ ಪಕ್ಕದ ಒಂದು ಸರಕು ಸಾಗಣೆ ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿತೆಂದು ಅದನ್ನು ಬಿಟ್ಟು ಬಂದಳು. ಇಲ್ಲಿ ಅವಳಿಗೆ ಎಲ್ಲೂ ಕೆಲಸ ಸಿಗಲಿಲ್ಲ. ಭಾಷೆ ಬರಬೇಕು ಎಂದರು, ಕಲಿತಳು. ಇಲ್ಲಿಯ ಅನುಭವ ಬೇಕು ಎಂದರು. ಕೆಲಸ ಕೊಡದೆ ಅನುಭವ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಅವರ ಬಳಿ ಉತ್ತರವಿರಲಿಲ್ಲ. ನಿಧಾನವಾಗಿ ಅವಳು ಆ ವಿಷಯ ಮಾತಾಡುವುದನ್ನೇ ಬಿಟ್ಟಳು. ನಾನೂ ಕೇಳುವುದನ್ನು ಬಿಟ್ಟೆ. ಮನೆಯಲ್ಲಿ ಶಾಂತಿ ನೆಲೆಸಿದೆ ಎಂದುಕೊಂಡಿದ್ದೆ.

ನಮ್ಮ ಪಕ್ಕದ ಮನೆಯಲ್ಲಿ ಯೋಪ್ ಎಂಬ ನಿವೃತ್ತ ಮುದುಕರಿದ್ದರು. ಹಡಗಿನ ಎಂಜಿನ್ ಮಾಡುವ ಕಾರ್ಖಾನೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ಹಾಗೆಂದು ಅವರೇ ಆಗಾಗ ನೆನಪಿಸುತ್ತಿದ್ದರು. ಅವರ ಮುಂದಿನ ಕಿಟಕಿಯೂ ಊರಿನ ಎಲ್ಲ ಕಿಟಕಿಗಳಂತೆ ಬಟಾಬಯಲು. ಆದರೆ ಹಿತ್ತಲಿನ ಶೆಡ್ಡಿನ ಪುಟ್ಟ ಕಿಟಕಿಗೆ ಮಾತ್ರ ಒಳಗಿನಿಂದ ರಟ್ಟು ಅಂಟಿಸಿದ್ದರು. ಇಡೀ ಬೀದಿಯಲ್ಲಿ ಮುಚ್ಚಿದ ಕಿಟಕಿ ಅದೊಂದೇ. ಬರಗಾಲದಲ್ಲಿದ್ದ ನನ್ನ ಅನುಮಾನಕ್ಕೆ ಅದು ಹಬ್ಬದೂಟವಾಯಿತು. ಒಳಗಿನಿಂದ ಏನೋ ತಿರುಗುವ, ಕೊರೆಯುವ ಸದ್ದು ಬರುತ್ತಿತ್ತು. ವಿಮಾನ ಹಾದುಹೋದಾಗ ನಿಲ್ಲುತ್ತಿತ್ತು, ಇಲ್ಲವೇ ನನಗೆ ಕೇಳಿಸುತ್ತಿರಲಿಲ್ಲ. ಎರಡರಲ್ಲಿ ಯಾವುದೆಂದು ನಾನು ಬಹಳ ಯೋಚಿಸಿದ್ದುಂಟು. ಹೀಗಿರುವಾಗ ವಸುಧಾ ಆ ಶೆಡ್ಡಿಗೆ ಹೋಗಿಬರಲು ಶುರುಮಾಡಿದಳು. ಡಚ್ ಮಾತಾಡುವ ಅಭ್ಯಾಸಕ್ಕೆ ಎಂದಳು. ಒಳ್ಳೆಯದೇ, ಮಾತಾಡಲಿ. ಆದರೆ ಭಾಷೆ ಕಲಿತು ಬಂದವಳ ಉಗುರಿನ ಸಂದಿಯಲ್ಲಿ ಕಪ್ಪು ಜಿಡ್ಡು ಯಾಕಿರಬೇಕು? ಡಚ್ಚರ ವ್ಯಾಕರಣ ಕಷ್ಟ ನಿಜ, ಆದರೆ ಅದು ಕೈಗೆ ಮೆತ್ತಿಕೊಳ್ಳುವಂಥದ್ದಲ್ಲ.

ಆಮೇಲೆ ವಾಸನೆ. ಕೆಲವು ಶನಿವಾರ ಅವಳು ಭಾಷಾ ಕ್ಲಬ್ಬಿನ ಪ್ರವಾಸವೆಂದು ಹೋಗಿಬಂದ ದಿನ ಕೋಟಿನಿಂದ ಒಂದು ವಾಸನೆ ಬರುತ್ತಿತ್ತು. ಎಲ್ಲೋ ಮೂಸಿದ್ದು, ಬಹಳ ಬೇಕಾದ ವಾಸನೆ. ಗೂಟಕ್ಕೆ ತೂಗುಹಾಕಿದ ಕೋಟನ್ನು ಮೂಸುತ್ತಾ ನಿಂತೆ. ಹೊಳೆಯಿತು: ದೀಪಾವಳಿ. ಬೆಳಗಿನ ಜಾವ ಎಣ್ಣೆನೀರು ಹಾಕಿಕೊಂಡು ಬೀದಿಗೆ ಬಂದರೆ ಬರುತ್ತಿತ್ತಲ್ಲ, ಅದು. ಆದರೆ ಆಗ ಇಲ್ಲಿ ಬೇಸಿಗೆ. ಕೇಳಿದ್ದಕ್ಕೆ ಬಸ್ಸಿನ ವಾಸನೆ ಇರಬಹುದು ಎಂದಳು. ಇಲ್ಲಿಯ ಬಸ್ಸುಗಳು ಕರೆಂಟಿನಲ್ಲಿ ಓಡುತ್ತವೆ. ಅವಕ್ಕೆ ವಾಸನೆಯೇ ಇಲ್ಲ.

ಕೊನೆಗೆ ಒಂದು ಸಂಜೆ ಬೇಲಿಯ ಈಚೆ ಬಟ್ಟೆ ಒಣಹಾಕುವ ನೆಪದಲ್ಲಿ ನಿಂತಾಗ ಅವರ ಮಾತು ಕಿವಿಗೆ ಬಿತ್ತು. ನನ್ನ ಡಚ್ ಭಾಷೆ ಅಂಗಡಿಯ ಮಟ್ಟದ್ದು. ಹಾಲು, ಬ್ರೆಡ್ಡು, ಚೀಲ ಬೇಡ ಎನ್ನುವಷ್ಟು ಬರುತ್ತದೆ. ಆದರೂ ಒಂದು ಪದ ಪದೇ ಪದೇ ಸ್ಪಷ್ಟವಾಗಿ ಕೇಳಿಸಿತು: ಕ್ರೌಟ್. ಆ ಪದ ನನಗೆ ಗೊತ್ತಿತ್ತು. ಅಂಗಡಿಯಲ್ಲಿ ಪುದೀನ, ಕೊತ್ತಂಬರಿ, ಒಣಗಿದ ಎಲೆಗಳನ್ನಿಡುವ ಕಡೆ ಬರೆದಿರುತ್ತದೆ. ಗಿಡಮೂಲಿಕೆ, ಸೊಪ್ಪು. ಮುಚ್ಚಿದ ಕಿಟಕಿಯ ಶೆಡ್ಡು, ಒಳಗೆ ಸೊಪ್ಪು, ಅದೂ ಈ ದೇಶದಲ್ಲಿ. ನನ್ನ ಕೈಲಿದ್ದ ಒದ್ದೆ ಟವೆಲ್ ಕೆಳಗೆ ಬಿತ್ತು. ನನ್ನ ಹೆಂಡತಿ, ಮೈಸೂರಿನ ಸಂಪ್ರದಾಯಸ್ಥರ ಮಗಳು, ಪಕ್ಕದ ಮನೆಯ ಮುದುಕರ ಜೊತೆ ಸೇರಿ ಗಾಂಜಾ ಬೆಳೆಯುತ್ತಿದ್ದಳು. ನಮ್ಮ ಪೌರತ್ವದ ಅರ್ಜಿ ಆಗ ಸರ್ಕಾರದ ಮುಂದಿತ್ತು. ಒಂದು ಪೊಲೀಸ್ ಕೇಸು ಸಾಕು, ಅರ್ಜಿಯೂ ಹೋಯಿತು, ವಿಮಾನ ನಿಲ್ದಾಣದೊಳಗೆ ಬಿಡುವ ನನ್ನ ಪಾಸೂ ಹೋಯಿತು, ಕೆಲಸವೂ ಹೋಯಿತು.

ಈ ಸಿದ್ಧಾಂತವನ್ನು ಕೆಡಿಸಿದ್ದು ಶುಂಠಿ. ಒಂದು ಭಾನುವಾರ ವಸುಧಾ ಅಂಗಡಿಗೆ ಹೋಗಿದ್ದಾಗ ಟೀ ಮಾಡೋಣವೆಂದು ಅಡುಗೆಮನೆಯ ಕಪಾಟು ತೆಗೆದೆ. ಹಳೆಯ ಬಟ್ಟೆಯಲ್ಲಿ ಸುತ್ತಿ ಒಂದು ಹಿತ್ತಾಳೆಯ ಕುಟ್ಟಾಣಿ ಇಟ್ಟಿದ್ದಳು. ಗಿಡ್ಡ, ದಪ್ಪ, ಹುಣಸೆಹಣ್ಣು ಹಾಕಿ ತಿಕ್ಕಿ ಬಂಗಾರದಂತೆ ಹೊಳೆಯಿಸಿದ್ದಳು. ಇಷ್ಟು ಒಳ್ಳೆಯ ಪಾತ್ರೆಯನ್ನು ಗಂಡನಿಗೆ ಕಾಣದಂತೆ ಯಾಕೆ ಸುತ್ತಿಟ್ಟಳು ಎಂದುಕೊಳ್ಳುತ್ತಲೇ ಶುಂಠಿ, ಏಲಕ್ಕಿ ಹಾಕಿ ಚಪಾತಿ ಲಟ್ಟಣಿಗೆಯ ಹಿಡಿಯಿಂದ ಜಜ್ಜಿದೆ. ನೋಡಿದರೆ ಶುಂಠಿಯ ರಸವೆಲ್ಲ ಮೇಜಿನ ಮೇಲೆ. ತಿರುಗಿಸಿ ನೋಡಿದೆ. ತಳದ ಪಕ್ಕದಲ್ಲಿ ಒಂದು ಸಣ್ಣ ತೂತು. ಮುರಿದದ್ದಲ್ಲ, ನೀಟಾಗಿ ಕೊರೆದದ್ದು. ತೂತಿರುವ ಕುಟ್ಟಾಣಿಯನ್ನು ಯಾರಾದರೂ ಬೇಕೆಂದೇ ಮಾಡುತ್ತಾರೆಯೇ? ತೊಳೆದು, ಒರೆಸಿ, ಅದೇ ಬಟ್ಟೆಯಲ್ಲಿ ಅದೇ ರೀತಿ ಸುತ್ತಿಟ್ಟೆ. ಸಂಜೆ ವಸುಧಾ ಕಪಾಟಿನ ಮುಂದೆ ನಿಂತು, ಏಲಕ್ಕಿ ವಾಸನೆ ಬರುತ್ತಾ ಇದೆಯಲ್ಲ ಎಂದಳು. ಬಸ್ಸಿನದಿರಬಹುದು ಎಂದೆ.

ಮಾರನೆಯ ದಿನ ಆಫೀಸಿನ ಕ್ಯಾಂಟೀನಿನಲ್ಲಿ ಇಮ್ತಿಯಾಜನಿಗೆ ಎಲ್ಲವನ್ನೂ ಒಪ್ಪಿಸಿದೆ. ಇಮ್ತಿಯಾಜ್ ತುಮಕೂರಿನವನು, ನನ್ನ ಪಕ್ಕದ ಮೇಜಿನವನು, ಈ ದೇಶದಲ್ಲಿ ನನಗಿಂತ ಹಳಬ. ಅವನು ಸಾವಧಾನವಾಗಿ ಕೇಳಿದ. ಕ್ರೌಟ್ ಎಂದಾಗ ಊಟ ನಿಲ್ಲಿಸಿದ. ಆ ಉಚ್ಚಾರಣೆಗೆ ಇಲ್ಲಿ ಎರಡು ಅರ್ಥವಿದೆ, ಕೊನೆಯ ಅಕ್ಷರ ಬರೆಯುವುದರಲ್ಲಿ ಮಾತ್ರ ವ್ಯತ್ಯಾಸ. ಒಂದು ಸೊಪ್ಪು, ಇನ್ನೊಂದು ಬಂದೂಕಿನ ಮದ್ದು ಎಂದ. ದೀಪಾವಳಿ ವಾಸನೆಯೂ ತೂತಿನ ಪಾತ್ರೆಯೂ ಆ ಕ್ಷಣಕ್ಕೆ ಪರಸ್ಪರ ಕೈ ಹಿಡಿದುಕೊಂಡು ನನ್ನ ಮುಂದೆ ನಿಂತವು. ಕನ್ನಡದವನಾದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ನಮ್ಮಲ್ಲೂ ಕೆಮ್ಮಿಗೆ ಕುಡಿಯುವುದೂ ಮದ್ದು, ಫಿರಂಗಿಗೆ ತುಂಬುವುದೂ ಮದ್ದು. ಗಾಂಜಾ ಎಷ್ಟೋ ವಾಸಿಯಿತ್ತು ಅನ್ನಿಸಿತು. ವಿಮಾನ ನಿಲ್ದಾಣದ ಬೇಲಿಯ ಪಕ್ಕದ ಊರಿನಲ್ಲಿ ಮದ್ದು. ಒಂದು ಸಲ ನಮ್ಮ ಮನೆಗೆ ಬಂದು ನೋಡು ಎಂದು ಇಮ್ತಿಯಾಜನನ್ನು ಕರೆದೆ.

ಅವನು ತಟ್ಟೆ ಪಕ್ಕಕ್ಕೆ ಸರಿಸಿ ಹೇಳಿದ: “ಅರೆ ಯಾರ್, ನಿನ್ನ ಹೆಸರಲ್ಲಿ ಸಿಕ್ಕಿದ್ರೆ ಹಾಬಿ ಅಂತಾರೆ. ನನ್ನ ಹೆಸರಲ್ಲಿ ಸಿಕ್ಕಿದ್ರೆ ನ್ಯೂಸ್ ಅಂತಾರೆ. ನಾನು ಬರಲ್ಲ. ನೀನು ವಸುಧಾ ಭಾಭಿನ ಸೀದಾ ಕೇಳು.”

ಅವನು ನಗುತ್ತಲೇ ಹೇಳಿದ, ನಾನೂ ನಕ್ಕೆ. ಆದರೆ ಮತ್ತೆ ಅವನನ್ನು ಮನೆಗೆ ಕರೆಯಲಿಲ್ಲ. ಸೀದಾ ಕೇಳುವುದು ಒಳ್ಳೆಯ ಸಲಹೆ. ಆದರೆ ಅನುಮಾನದವರಿಗೆ ಸೀದಾ ಕೇಳುವುದರಷ್ಟು ಕಷ್ಟ ಇನ್ನೊಂದಿಲ್ಲ. ಉತ್ತರ ಸಿಕ್ಕಿಬಿಟ್ಟರೆ ಆಮೇಲೆ ಮಾಡುವುದಾದರೂ ಏನು?

ಮುಂದಿನ ಶನಿವಾರ ಭಾಷಾ ಕ್ಲಬ್ಬಿನ ಪ್ರವಾಸವೆಂದು ವಸುಧಾ ಬೆಳಿಗ್ಗೆಯೇ ಹೊರಟಳು. ಮೇಲಿನ ಕಿಟಕಿಯಿಂದ ನೋಡಿದೆ. ಅವಳೂ ಯೋಪ್ ಅವರೂ ಕಂಬಳಿ ಹೊದಿಸಿದ ಒಂದು ಉದ್ದನೆಯ ವಸ್ತುವನ್ನು ಮಗುವಿನಂತೆ ಎತ್ತಿ ಅವರ ಹಳೆಯ ಕಾರಿನ ಹಿಂಭಾಗದೊಳಗೆ ಇಟ್ಟರು. ನಾನು ನನ್ನ ಕಾರಿನಲ್ಲಿ ಹಿಂಬಾಲಿಸಿದೆ. ವೇಗವಾಗಿ ಹೋಗುವವರನ್ನು ಹಿಂಬಾಲಿಸುವುದು ಸುಲಭವಿರಬೇಕು. ನಿಧಾನವಾಗಿ ಹೋಗುವವರನ್ನು ಹಿಂಬಾಲಿಸುವ ಕಷ್ಟ ನನಗೆ ಗೊತ್ತಾಗಿದ್ದು ಅವತ್ತು. ಯೋಪ್ ಹೆದ್ದಾರಿಯಲ್ಲಿ ಟ್ರಾಕ್ಟರಿನ ಹಾಗೆ ಹೋಗುತ್ತಿದ್ದರು. ಅವರ ಹಿಂದೆ ಉಳಿಯಲು ನಾನೂ ಹಾಗೇ ಹೋಗಬೇಕಾಯಿತು. ಲಾರಿಗಳು ಕೂಡ ಹಾರ್ನ್ ಹೊಡೆದು ನನ್ನನ್ನು ದಾಟಿ ಹೋದವು. ಕೊನೆಗೆ ಅವರು ತಲುಪಿದ್ದು ಸುತ್ತಲೂ ಕಂದಕವಿದ್ದ ಒಂದು ಹಳೆಯ ಕೋಟೆಯ ಊರು. ಕೋಟೆ ಎಂದರೆ ಕಲ್ಲಿನದಲ್ಲ, ಹುಲ್ಲು ಬೆಳೆದ ಎತ್ತರದ ಮಣ್ಣಿನ ದಿಬ್ಬಗಳು, ಮೇಲೆ ಮೇಯುವ ಕುರಿಗಳು. ನಾನು ಕಾರು ದೂರ ನಿಲ್ಲಿಸಿ, ದಿಬ್ಬ ಹತ್ತಿ, ಒಂದು ಪೊದೆಯ ಹಿಂದೆ ಕುಕ್ಕರಗಾಲಲ್ಲಿ ಕೂತೆ. ಕೆಳಗಿನ ಬಯಲಿನಲ್ಲಿ ಹಳೇ ಕಾಲದ ಟೋಪಿ ಹಾಕಿಕೊಂಡ ಕೆಲವು ಮುದುಕರು, ಒಬ್ಬ ಗಂಭೀರ ಹೆಂಗಸು, ಅವರ ನಡುವೆ ಕಿವಿಗೆ ದೊಡ್ಡ ಮುಚ್ಚಳ ಹಾಕಿಕೊಂಡು ಮಂಡಿಯೂರಿ ಕೂತ ನನ್ನ ಹೆಂಡತಿ. ಅವಳ ಮುಂದೆ ಮರದ ಗಾಡಿಯ ಮೇಲೆ ಒಂದು ಹಿತ್ತಾಳೆಯ ಫಿರಂಗಿ, ಮೊಳದಷ್ಟು ಉದ್ದ. ಅದರ ಪಕ್ಕದಲ್ಲಿ, ಆಕಾಶಕ್ಕೆ ಬಾಯಿ ತೆರೆದು, ನನ್ನ ಕುಟ್ಟಾಣಿ.

ಅಷ್ಟರಲ್ಲಿ ಹಿಂದಿನಿಂದ ಯಾರೋ ಮಾತಾಡಿಸಿದರು. ತಿರುಗಿದರೆ ಪೊಲೀಸ್. ಸೈಕಲ್ಲಿನ ಮೇಲೆ ಬಂದ ಯುವತಿ. ಇಲ್ಲೇನು ಮಾಡುತ್ತಿದ್ದೀರಿ ಎಂದು ಬಹಳ ವಿನಯದಿಂದ ಕೇಳಿದಳು. ಹೆಂಡತಿಯನ್ನು ಕರೆದೊಯ್ಯಲು ಬಂದಿದ್ದೇನೆ ಎಂದು ಹೇಳಬೇಕೆಂದಿದ್ದೆ. ಹೆದರಿಕೆಯಲ್ಲಿ ನನ್ನ ಅಂಗಡಿ ಡಚ್ಚಿನಲ್ಲಿ ಬಾಯಿಗೆ ಬಂದದ್ದು, ಹೆಂಡತಿಯನ್ನು ಕದ್ದು ನೋಡುತ್ತಿದ್ದೇನೆ ಎಂದು. ಸುಳ್ಳಲ್ಲ, ಆದರೆ ಪೊಲೀಸರಿಗೆ ಹೇಳುವ ಮಾತೂ ಅಲ್ಲ. ಅವಳ ಮುಖದ ವಿನಯ ಹಾಗೇ ಇತ್ತು, ಕೈ ಮಾತ್ರ ರೇಡಿಯೋದ ಮೇಲೆ ಹೋಯಿತು. ಮದ್ದು, ಫಿರಂಗಿ ಎಲ್ಲ ಇರುವ ಗುಂಪು ಕೆಳಗೆ ಆರಾಮಾಗಿ ಕಾಫಿ ಕುಡಿಯುತ್ತಿದ್ದರೆ, ಪೊದೆಯ ಹಿಂದೆ ಬರಿಗೈಯಲ್ಲಿ ಕೂತಿದ್ದ ನನ್ನನ್ನು ಅವಳು ಮುಂದೆ ನಡೆಸಿಕೊಂಡು ದಿಬ್ಬ ಇಳಿಸಿದಳು. ಎಲ್ಲರೂ ತಿರುಗಿ ನೋಡಿದರು. ಇವರು ನಿಮಗೆ ಗೊತ್ತೇ ಎಂದು ವಸುಧಾಳನ್ನು ಕೇಳಿದಳು. ವಸುಧಾ ಕಿವಿಯ ಮುಚ್ಚಳ ತೆಗೆದು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಗೊತ್ತು, ನನ್ನ ಗಂಡ ಎಂದಳು. ಆದರೆ ಹೇಳುವ ಮುನ್ನ ಸ್ವಲ್ಪ ಹೊತ್ತು ಯೋಚಿಸಿದಳು. ಆ ಸ್ವಲ್ಪ ಹೊತ್ತನ್ನು ನಾನು ಇನ್ನೂ ಮರೆತಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಅವಳು ಕನ್ನಡದಲ್ಲಿ ಹೇಳಿದಳು: “ಈಗ ಏನೂ ಮಾತಾಡ್ಬೇಡಿ. ಇವತ್ತು ಈ ಗಾಡಿ ಒಡೆದ್ರೆ ನನ್ನ ಕೆಲಸ ಹೋಯ್ತು.”

“ಯಾವ ಕೆಲಸ?”

“ಇನ್ನೂ ಸಿಗದೇ ಇರೋ ಕೆಲಸ.”

ಅದು ಹಳೆಯ ಫಿರಂಗಿಗಳ ಪುಟ್ಟ ಮಾದರಿಗಳನ್ನು ಮಾಡಿ, ಹಾರಿಸಿ ನೋಡುವ ಹವ್ಯಾಸಿಗಳ ಸಂಘ. ಸರ್ಕಾರದ ಪರವಾನಗಿ ಇತ್ತು. ಮದ್ದನ್ನು ಮುಟ್ಟುವುದಕ್ಕೆ ಅನುಮತಿ ಇದ್ದವರು ಯೋಪ್ ಮತ್ತು ಇನ್ನೊಬ್ಬ ಮುದುಕರು ಮಾತ್ರ; ಅದು ಕೋಟೆಯಲ್ಲೇ ಬೀಗದೊಳಗೆ ಇರುತ್ತಿತ್ತು. ನನ್ನನ್ನು ಹೆದರಿಸಿದ್ದ ಶೆಡ್ಡಿನಲ್ಲಿ ಇದ್ದದ್ದು ಲೋಹ ಕಡೆಯುವ ಒಂದು ಲೇತ್ ಯಂತ್ರ, ಹಿತ್ತಾಳೆಯ ಸುರುಳಿ ಚೂರುಗಳು, ಮರದ ಹೊಟ್ಟು. ಕಿಟಕಿಯ ರಟ್ಟಿನ ರಹಸ್ಯವನ್ನೂ ಕೇಳಿದೆ. ಗಾಜು ಒಡೆದಿತ್ತು, ಹೊಸದು ಹಾಕಿಸಿರಲಿಲ್ಲ. ಫಿರಂಗಿಯ ನಳಿಗೆ ಯೋಪ್ ಅವರದು. ಆದರೆ ಅವರ ಗಾಡಿ ಪ್ರತಿಸಲವೂ ಹಾರಿಸಿದ ರಭಸಕ್ಕೆ ಹಿಂದಕ್ಕೆ ಜಿಗಿದು ಬಿರುಕು ಬಿಡುತ್ತಿತ್ತು. ಒಂದು ಸಲ ಅವರ ಮೊಣಕಾಲಿಗೇ ಬಡಿದಿತ್ತು. ಬೇಲಿಯ ಈಚೆಯಿಂದ ಆ ಒಡೆದ ಗಾಡಿಯನ್ನು ನೋಡಿದ ವಸುಧಾ, ಚಕ್ರದ ಅಚ್ಚು ಕೂತಿರುವ ಜಾಗವೇ ತಪ್ಪು ಎಂದಿದ್ದಳಂತೆ. ಮುದುಕರು ಮೊದಲು ಸಿಟ್ಟಾದರು, ಎರಡು ದಿನ ಮಾತು ಬಿಟ್ಟರು, ಆಮೇಲೆ ಬಂದು ಹಾಗಾದರೆ ನೀನೇ ನಕ್ಷೆ ಬರೆದು ತೋರಿಸು ಎಂದರು. ಇವತ್ತು ಅವಳ ಗಾಡಿಯ ಪರೀಕ್ಷೆ. ಆ ಗಂಭೀರ ಹೆಂಗಸು ಮರೈಕ ಎಂದು. ರೈಸ್‌ವೈಕ್ ಎಂಬ ಊರಿನಲ್ಲಿ ಯಂತ್ರದ ಬಿಡಿಭಾಗ ವಿನ್ಯಾಸ ಮಾಡುವ ಸಣ್ಣ ಕಂಪನಿ ಅವಳದು. ಅವಳು ಇಲ್ಲಿಯ ಅನುಭವ ಇದೆಯೇ ಎಂದು ಕೇಳಿರಲಿಲ್ಲ. ಗಾಡಿ ನೋಡಿ ಹೇಳುತ್ತೇನೆ ಎಂದಿದ್ದಳು.

ಮೊದಲು ಕುಟ್ಟಾಣಿ. ಅದು ಮಾರ್ಟರ್ ಎಂಬ ಗಿಡ್ಡ ಫಿರಂಗಿಯಂತೆ. ಯೋಪ್ ಬತ್ತಿಗೆ ಕಿಡಿ ಮುಟ್ಟಿಸಿದರು. ಕಾಗದದ ಉಂಡೆಯೊಂದು ಢಂ ಎಂದು ಆಕಾಶಕ್ಕೆ ಹೋಗಿ ಕಂದಕಕ್ಕೆ ಬಿತ್ತು, ಕುರಿಗಳು ತಲೆಯೆತ್ತಿ ಮತ್ತೆ ಮೇಯತೊಡಗಿದವು. ಆಮೇಲೆ ಫಿರಂಗಿ. ಹಾರಿಸುವ ಗೌರವ ವಸುಧಾಳಿಗೆ. ಉದ್ದ ಕೋಲಿನ ತುದಿಯ ಕಿಡಿಯನ್ನು ಅವಳು ಮುಟ್ಟಿಸಿದಳು. ಬುಸ್ ಎಂದಿತು. ಅಷ್ಟೇ. ಯಾರೂ ಹತ್ತಿರ ಹೋಗುವಂತಿಲ್ಲ ಎಂದು ಯೋಪ್ ಕೈಯೆತ್ತಿದರು. ಹಾರದ ಫಿರಂಗಿ ಯಾವಾಗ ಬೇಕಾದರೂ ಹಾರಬಹುದಂತೆ, ಬಹಳ ಹೊತ್ತು ದೂರ ನಿಂತು ಕಾಯಬೇಕಂತೆ. ಅದು ನನಗೆ ತಕ್ಷಣ ಅರ್ಥವಾಯಿತು; ನನ್ನ ಪಕ್ಕದಲ್ಲೂ ಅಂಥದ್ದೇ ಒಂದು ನಿಂತಿತ್ತು.

ಹೀಗೆ, ಜನರನ್ನು ದೂರವಿಡಲು ಕಟ್ಟಿದ್ದ ಹಗ್ಗದ ಈಚೆ, ಗಾಳಿಯಲ್ಲಿ, ಬೇರೆಲ್ಲೂ ಹೋಗಲು ದಾರಿಯಿಲ್ಲದೆ ನಾವಿಬ್ಬರೂ ನಿಂತೆವು. ಯಾಕೆ ಹೇಳಲಿಲ್ಲ ಎಂದು ಕೊನೆಗೂ ಸೀದಾ ಕೇಳಿದೆ.

“ಹೇಳಿದ್ರೆ ಬೇಡ ಅಂತಿದ್ರಿ. ಅರ್ಜಿ ಏನಾಗತ್ತೆ, ಪಾಸ್ ಏನಾಗತ್ತೆ ಅಂತಿದ್ರಿ. ಬೇಡ ಅಂದ್ಮೇಲೂ ಮಾಡಿದ್ರೆ ಜಗಳ. ಹೇಳ್ದೆ ಮಾಡಿದ್ರೆ ಬರೀ ಅನುಮಾನ. ಅನುಮಾನ ಹೇಗಿದ್ರೂ ನಿಮಗೆ ಅಭ್ಯಾಸ ಇದೆಯಲ್ಲ.”

ಹಾಗೆಂದು, ಫಿರಂಗಿಯಿಂದ ಕಣ್ಣು ತೆಗೆಯದೆ, ಚಿಕ್ಕಂದಿನ ಮಾತು ಹೇಳಿದಳು. ದಸರಾಕ್ಕೆ ಮೊದಲು ಆನೆಗಳಿಗೆ ಸದ್ದು ಅಭ್ಯಾಸವಾಗಲೆಂದು ಕುಶಾಲತೋಪು ಹಾರಿಸುತ್ತಾರಲ್ಲ, ಅದನ್ನು ತೋರಿಸಲು ಅವಳಪ್ಪ ಕರೆದುಕೊಂಡು ಹೋಗಿದ್ದರಂತೆ. ಎಲ್ಲರೂ ಆನೆ ಬೆದರುತ್ತದೆಯೋ ಎಂದು ನೋಡುತ್ತಿದ್ದರೆ, ಇವಳು ತೋಪಿನ ಚಕ್ರ ಎಷ್ಟು ಹಿಂದಕ್ಕೆ ಉರುಳುತ್ತದೆ ಎಂದು ನೋಡುತ್ತಿದ್ದಳಂತೆ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ನನಗೆ ಗೊತ್ತಿಲ್ಲದ ವಿಷಯ ಇದು. ಆಮೇಲೆ ಅಚ್ಚು ಎಲ್ಲಿರಬೇಕು, ಹಿಂದಕ್ಕೆ ಬರುವ ಬಲ ಮರದೊಳಗೆ ಹೇಗೆ ಹರಿದು ಹೋಗಬೇಕು ಎಂದು ಎರಡೂ ಕೈ ಆಡಿಸುತ್ತಾ ವಿವರಿಸತೊಡಗಿದಳು. ನನಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಆದರೆ ಆ ಮುಖವನ್ನು ನಾನು ಈ ದೇಶಕ್ಕೆ ಬಂದ ಮೇಲೆ ನೋಡಿರಲೇ ಇಲ್ಲ. ನಮ್ಮ ಮನೆಯಲ್ಲಿ ನೆಲೆಸಿತ್ತೆಂದು ನಾನು ತಿಳಿದಿದ್ದ ಶಾಂತಿ ಶಾಂತಿಯೇ ಆಗಿರಲಿಲ್ಲ. ಇಷ್ಟೆಲ್ಲ ಅನುಮಾನಪಡುವ ನನಗೆ ಆ ಒಂದರ ಮೇಲೆ ಅನುಮಾನ ಬಂದಿರಲಿಲ್ಲ.

ಕಾಯುವ ಹೊತ್ತು ಮುಗಿಯಿತು. ಇಬ್ಬರು ಮುದುಕರು ಹೋಗಿ ನೋಡಿ ಬಂದು, ಬತ್ತಿಗೆ ಥಂಡಿ ಹಿಡಿದಿದೆ ಎಂದು ಬದಲಾಯಿಸಿದರು. ವಸುಧಾ ಮತ್ತೆ ಕೋಲು ಹಿಡಿದಳು. ಮರೈಕ ಕೈಕಟ್ಟಿಕೊಂಡು ಒಂದು ಹೆಜ್ಜೆ ಮುಂದೆ ಬಂದಳು. ಪೊಲೀಸ್ ಹುಡುಗಿ ಇನ್ನೂ ಹೋಗಿರಲಿಲ್ಲ, ನನ್ನ ಹಿಂದೆಯೇ ನಿಂತಿದ್ದಳು. ಗುಂಡಿನ ಸದ್ದು ಕಿವಿಗೆ ಬೀಳುವ ಮುನ್ನವೇ ಎದೆಗೆ ಬಿತ್ತು. ಕಂದಕದ ಬಾತುಕೋಳಿಗಳೆಲ್ಲ ಒಟ್ಟಿಗೆ ಎದ್ದವು. ಬಿಳಿಯ ಹೊಗೆ ಹುಲ್ಲಿನ ಮೇಲೆ ಹರಡಿ, ದೀಪಾವಳಿಯ ವಾಸನೆ ಮೂಗಿಗೆ ಬಂತು. ಹೊಗೆ ಕರಗಿದಾಗ ಗಾಡಿ ಒಂದು ಗೇಣಿನಷ್ಟು ಹಿಂದೆ ಸರಿದು, ಏನೂ ಆಗದ ಹಾಗೆ ಇಡಿಯಾಗಿ ನಿಂತಿತ್ತು. ಮರೈಕ ಮಂಡಿಯೂರಿ ಮರದ ಮೇಲೆಲ್ಲ ಬೆರಳಾಡಿಸಿ ಬಿರುಕು ಹುಡುಕಿದಳು. ಅಷ್ಟು ಅನುಮಾನದಿಂದ ನೋಡುವ ಹೆಂಗಸಿನ ಮೇಲೆ ನನಗೆ ಗೌರವ ಹುಟ್ಟಿತು. ಕೊನೆಗೆ ಎದ್ದು, ಸೋಮವಾರ ಬಾ ಎಂದಳು. ವಸುಧಾ ಡಚ್ಚಿನಲ್ಲಿ ಏನೋ ಹೇಳಿ, ನನ್ನ ಕಡೆ ತಿರುಗಿ, ಕಿವಿಯ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟು ಮುಖ ಒರೆಸಿಕೊಂಡಳು. ಹೊಗೆ, ಎಂದಳು. ನಾನು ಒಪ್ಪಿಕೊಂಡೆ.

ಈಗ ಅವಳು ದಿನವೂ ರೈಸ್‌ವೈಕಿಗೆ ಹೋಗುತ್ತಾಳೆ. ಪೌರತ್ವದ ಅರ್ಜಿಗೆ ಏನೂ ಆಗಲಿಲ್ಲ. ಇಮ್ತಿಯಾಜ್ ಈಗಲೂ ಕೋಟೆಗೆ ಬರುವುದಿಲ್ಲ, ಆದರೆ ವಸುಧಾಳಿಗೆ ಕೆಲಸ ಸಿಕ್ಕ ದಿನ ಮನೆಗೆ ಬಿರಿಯಾನಿ ತಂದುಕೊಟ್ಟ. ಸಂಘದವರು ಅವತ್ತಿನ ಫೋಟೋ ಕಳಿಸಿದರು: ಫಿರಂಗಿಯ ಬಾಯಿಯಿಂದ ಬೆಂಕಿ ಹೊರಟ ಕ್ಷಣಕ್ಕೇ ತೆಗೆದದ್ದು. ವಸುಧಾ ಅದನ್ನು ಮೈಸೂರಿಗೆ ಅವಳಮ್ಮನಿಗೆ ಕಳಿಸಿದಳು. ಅವರು ಕೂಡಲೇ ಫೋನು ಮಾಡಿದರು. ಫಿರಂಗಿ ವಿಷಯ ಮೊದಲು ಕೇಳಬಹುದೆಂದು ನಾನು ಉತ್ತರ ಸಿದ್ಧ ಮಾಡಿಕೊಂಡು ಪಕ್ಕದಲ್ಲೇ ಕೂತಿದ್ದೆ.

“ಅಲ್ವೇ, ಎಲ್ಲರೂ ಈ ಕಡೆ ನೋಡ್ತಿದ್ರೆ ಅಳಿಯಂದ್ರು ಒಬ್ಬರೇ ಯಾಕೆ ಹಿಂದೆ ತಿರುಗಿ ನೋಡ್ತಿದಾರೆ?”

“ಹಿಂದೆ ಪೊಲೀಸ್ ನಿಂತಿದ್ಲಮ್ಮ. ಅವಳು ನಮ್ಮನ್ನ ನೋಡ್ತಿದಾಳಾ ಅಂತ ನೋಡ್ತಿದಾರೆ.”

ಫೋನಿಟ್ಟ ಮೇಲೆ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಪೊಲೀಸ್ ಹುಡುಗಿ ನಮ್ಮನ್ನು ನೋಡುತ್ತಿರಲಿಲ್ಲ. ಬಾಯಿ ತೆರೆದುಕೊಂಡು, ಎರಡೂ ಕಿವಿಗೆ ಬೆರಳಿಟ್ಟುಕೊಂಡು, ಅವಳೂ ಫಿರಂಗಿಯನ್ನೇ ನೋಡುತ್ತಿದ್ದಳು. ಯೋಪ್ ನೋಡುತ್ತಿದ್ದರು, ಮರೈಕ ನೋಡುತ್ತಿದ್ದಳು, ದಿಬ್ಬದ ಮೇಲಿನ ಕುರಿಗಳು ಕೂಡ ಮೇವು ಬಿಟ್ಟು ಇತ್ತಲೇ ನೋಡುತ್ತಿದ್ದವು. ನನ್ನ ಹೆಂಡತಿ ಹಾರಿಸಿದ ಮೊದಲ ಗುಂಡನ್ನು ಕಣ್ಣಾರೆ ನೋಡದವನು ಆ ಇಡೀ ಕೋಟೆಯಲ್ಲಿ ನಾನೊಬ್ಬನೇ.